ಓದಿದ್ದು ವಾರ್ಡಿಗೆ ಬರುವುದೇಕೆ ಕಷ್ಟ?

ಪ್ರಶ್ನೆ: ನಾನು ಸರ್ಕಾರಿ ಆಸ್ಪತ್ರೆಯೊಂದರ ಸರ್ಜಿಕಲ್ ವಾರ್ಡಿನಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮರುದಿನ ಆಪರೇಷನ್ ಇರುವವರಿಗೆ ಹಿಂದಿನ ರಾತ್ರಿಯೇ ರೇಜರಿನಿಂದ ಕೂದಲು ಬೋಳಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಇದರಿಂದ ಗಾಯದ ಸೋಂಕು ಹೆಚ್ಚುತ್ತದೆ ಎಂದು ಓದಿದ್ದನ್ನು ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದಾಗ, "ಸರ್ಜನ್ ಹೇಳಿದಷ್ಟು ಮಾಡಮ್ಮ, ಓದಿದ್ದನ್ನೆಲ್ಲ ಇಲ್ಲಿಗೆ ತರಬೇಡ" ಎಂದರು. ನಾನು ಹೇಳಿದ್ದರಲ್ಲಿ ತಪ್ಪಿದೆಯೇ ಮೇಡಂ?
(ಹೆಸರು ಬೇಡ, ಉತ್ತರ ಕರ್ನಾಟಕ)

ಉತ್ತರ: ತಪ್ಪಿಲ್ಲ, ಮತ್ತು ನೀವು ಓದಿದ್ದು ಹೊಸ ವಿಷಯವೂ ಅಲ್ಲ. 1971ರಲ್ಲಿಯೇ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೇಜರ್ ಬಳಸಿದವರಲ್ಲಿ ಶೇ. 5.6 ಮಂದಿಗೆ ಗಾಯದ ಸೋಂಕು ತಗುಲಿದ್ದರೆ, ಕೂದಲನ್ನು ತೆಗೆಯದೆ ಬಿಟ್ಟವರಲ್ಲಿ ಅಥವಾ ಕೂದಲು ತೆಗೆಯುವ ಕ್ರೀಮ್ ಹಚ್ಚಿದವರಲ್ಲಿ ಆ ಪ್ರಮಾಣ ಶೇ. 0.6 ಮಾತ್ರ ಇತ್ತು. ಬ್ಲೇಡು ಚರ್ಮದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಉಳಿಸುತ್ತದೆ. ರಾತ್ರಿಯಿಡೀ ಆ ಗೀರುಗಳಲ್ಲಿ ರೋಗಾಣುಗಳು ಬೆಳೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2016ರ ತನ್ನ ಮಾರ್ಗಸೂಚಿಯಲ್ಲಿ ಕೂದಲನ್ನು ತೆಗೆಯಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರಿನಿಂದ (ಚರ್ಮವನ್ನು ಕೆರೆಯದೆ ಕೂದಲು ಕತ್ತರಿಸುವ ಯಂತ್ರ) ಮಾತ್ರ ತೆಗೆಯಿರಿ ಎಂದು ಹೇಳಿದೆ. 1971ಕ್ಕೂ ನಿಮ್ಮ ವಾರ್ಡಿನ ನಿನ್ನೆಯ ರಾತ್ರಿಗೂ ನಡುವೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಕಳೆದಿದೆ.

ಇಷ್ಟು ವರ್ಷಗಳ ಈ ಅಂತರಕ್ಕೆ ನರ್ಸ್‌ಗಳ ಸೋಮಾರಿತನವೇ ಕಾರಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1991ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಾಂಡ್ರಾ ಫಂಕ್ ಮತ್ತು ಸಂಗಡಿಗರು, ಸಂಶೋಧನೆಯನ್ನು ಕೆಲಸದಲ್ಲಿ ಬಳಸಲು ಏನೇನು ಅಡ್ಡಿಯಾಗುತ್ತದೆ ಎಂಬುದನ್ನು ಅಳೆಯುವ ಒಂದು ಪ್ರಶ್ನಾವಳಿಯನ್ನು ರೂಪಿಸಿದರು. ಆಮೇಲೆ ಅದು ಅನೇಕ ದೇಶಗಳಲ್ಲಿ ಬಳಕೆಯಾಯಿತು. ಅವರ ಮೊದಲ ಸಮೀಕ್ಷೆಯಲ್ಲಿ ಅಮೆರಿಕದ ನರ್ಸ್‌ಗಳು ಎಲ್ಲಕ್ಕಿಂತ ದೊಡ್ಡ ಅಡ್ಡಿಯೆಂದು ಗುರುತಿಸಿದ್ದು, ರೋಗಿಯ ಆರೈಕೆಯ ಕ್ರಮವನ್ನು ಬದಲಿಸಲು ತಮಗೆ ಸಾಕಷ್ಟು ಅಧಿಕಾರವಿಲ್ಲ ಎಂಬುದನ್ನು. ಹೊಸದನ್ನು ಜಾರಿಗೆ ತರಲು ಡ್ಯೂಟಿಯಲ್ಲಿ ಸಮಯ ಸಿಗದಿರುವುದು ಎರಡನೆಯ ಅಡ್ಡಿಯಾಗಿತ್ತು. ಸಂಶೋಧನೆಯ ಅರಿವೇ ಇಲ್ಲದಿರುವುದು ಇವೆರಡರ ನಂತರ ಬಂದಿತ್ತು. ನಮ್ಮಲ್ಲಿ ಈಗ ಹುದ್ದೆಯ ಹೆಸರು ಶುಶ್ರೂಷಾಧಿಕಾರಿ ಎಂದಾಗಿದೆ. ಬೋರ್ಡಿನಲ್ಲಿ ಬಂದಿರುವ ಆ ಅಧಿಕಾರ ಕೇಸ್ ಶೀಟಿನವರೆಗೆ ಇನ್ನೂ ತಲುಪಿಲ್ಲ. ಸಮಯದ ವಿಚಾರವನ್ನಂತೂ ನಿಮಗೆ ನಾನು ಹೇಳಬೇಕಾಗಿಲ್ಲ. ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರು ರೋಗಿಗಳಿಗೆ ಒಬ್ಬ ನರ್ಸ್, ಬೋಧಕ ಆಸ್ಪತ್ರೆಗಳಲ್ಲಿ ಮೂವರಿಗೆ ಒಬ್ಬರು ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ನಿಮ್ಮ ನೈಟ್ ಡ್ಯೂಟಿಯಲ್ಲಿ ಎಷ್ಟು ಹಾಸಿಗೆಗಳಿಗೆ ಎಷ್ಟು ಜನ ಇರುತ್ತೀರಿ ಎಂದು ಒಮ್ಮೆ ಎಣಿಸಿ ನೋಡಿ.

ಇನ್ನೊಂದು ಅಡ್ಡಿ ಸ್ಟೋರಿನಲ್ಲಿದೆ. ರಾತ್ರಿ ಎಂಟೂವರೆಗೆ ಓಟಿ ಲಿಸ್ಟ್ (ಮರುದಿನದ ಆಪರೇಷನ್‌ಗಳ ಪಟ್ಟಿ) ಬಂದಾಗ ಟ್ರೇಯಲ್ಲಿ ಇರುವುದು ಕೆಲವೇ ರೂಪಾಯಿಯ ರೇಜರ್. ಕ್ಲಿಪ್ಪರ್ ಬೇಕೆಂದರೆ ಸ್ಟೋರಿಗೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಬೇಕು, ರೋಗಿಗೊಂದರಂತೆ ಅದರ ತಲೆಯನ್ನು ಬದಲಿಸಬೇಕು, ಚಾರ್ಜ್ ಮಾಡಿಡುವುದಕ್ಕೆ ಒಬ್ಬರನ್ನು ಹೊಣೆ ಮಾಡಬೇಕು. ಇವು ಯಾವುವೂ ಇಲ್ಲದಿರುವಾಗ, ರೇಜರ್ ಬೇಡ ಎಂದು ನೀವು ಹೇಳಿದ ಮಾತು ಇನ್‌ಚಾರ್ಜ್ ಸಿಸ್ಟರ್‌ಗೆ, ನಾಳೆ ಬೆಳಿಗ್ಗೆ ಓಟಿಯಲ್ಲಿ ಬೈಗುಳ ಯಾರು ತಿನ್ನುವುದು ಎಂಬ ಪ್ರಶ್ನೆಯಾಗಿ ಕೇಳಿಸುತ್ತದೆ. ಅವರ ಸಿಟ್ಟಿನಲ್ಲಿ ಇದೂ ಸೇರಿದೆ.

ಆದ್ದರಿಂದ ಪಾಳಿ ಬದಲಾಗುವ ಹ್ಯಾಂಡ್‌ಓವರ್ ಹೊತ್ತಿನಲ್ಲಿ ವಾದಕ್ಕೆ ಇಳಿಯಬೇಡಿ. ಡ್ರೆಸ್ಸಿಂಗ್ ರೂಮಿನ ರಿಜಿಸ್ಟರನ್ನು ಮುಂದಿಟ್ಟುಕೊಂಡು, ಕಳೆದ ಮೂರು ತಿಂಗಳಲ್ಲಿ ಎಷ್ಟು ಗಾಯಗಳು ಕೀವಾದವು, ಅವುಗಳಲ್ಲಿ ಎಷ್ಟು ಮಂದಿಗೆ ಹಿಂದಿನ ರಾತ್ರಿ ಬೋಳಿಸಲಾಗಿತ್ತು ಎಂಬುದನ್ನು ಬರೆದುಕೊಳ್ಳಿ. ಅಷ್ಟರಿಂದ ಬೋಳಿಸಿದ್ದೇ ಕಾರಣ ಎಂದು ಸಾಬೀತಾಗುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಜಿನೀವಾದಿಂದ ಹೊರಡಿಸಿದ ಮಾರ್ಗಸೂಚಿಗಿಂತ ನಮ್ಮದೇ ವಾರ್ಡಿನ ಎಣಿಕೆಗೆ ಹೆಚ್ಚು ಜನ ಕಿವಿಗೊಡುತ್ತಾರೆ. ಆ ಹಾಳೆಯನ್ನೂ ಮಾರ್ಗಸೂಚಿಯ ಆ ಒಂದು ಪುಟವನ್ನೂ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಗೆ ಇನ್‌ಚಾರ್ಜ್ ಸಿಸ್ಟರ್ ಅವರ ಮೂಲಕವೇ ಕೊಡಿಸಿ. ಅವರನ್ನು ದಾಟಿ ಹೋದರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಸಮಿತಿಯ ಸಹಿಯೊಂದಿಗೆ ಹೊರಬಿದ್ದ ಆದೇಶವನ್ನು ಸರ್ಜನ್ ಕೂಡ ಪಾಲಿಸಬೇಕಾಗುತ್ತದೆ, ಇಂಡೆಂಟ್ ಹಾಕಲೂ ಅದೇ ಆಧಾರವಾಗುತ್ತದೆ.

ಪ್ರಶ್ನೆ: ನಮ್ಮ ತಂದೆಯವರು ಆಸ್ಪತ್ರೆಯಲ್ಲಿದ್ದಾಗ ಕೈಗೆ ಹಾಕಿದ ಸಲೈನ್ ಸೂಜಿಯನ್ನು ನಾಲ್ಕು ದಿನವಾದರೂ ಬದಲಿಸಲಿಲ್ಲ. ಕೇಳಿದರೆ, "ಚೆನ್ನಾಗಿದೆ, ಬೇಡ" ಎಂದರು. ಬೇರೊಂದು ಆಸ್ಪತ್ರೆಯಲ್ಲಿ ಮೂರನೆಯ ದಿನವೇ ಬದಲಿಸುತ್ತಿದ್ದರು. ಸಂಶೋಧನೆ ಏನು ಹೇಳುತ್ತದೆ?
(ಒಬ್ಬ ಓದುಗರು, ತುಮಕೂರು)

ಉತ್ತರ: ಅದು ಸೂಜಿಯಲ್ಲ, ಕ್ಯಾನುಲಾ, ಸೂಜಿಯನ್ನು ಹಾಕಿದ ಕೂಡಲೇ ಹೊರಗೆಳೆಯುತ್ತಾರೆ, ಒಳಗುಳಿಯುವುದು ಮೆತ್ತನೆಯ ಕೊಳವೆ ಮಾತ್ರ. ನಿಮ್ಮ ಪ್ರಶ್ನೆ ನರ್ಸ್‌ಗಳನ್ನೂ ಕಾಡುವಂಥದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮೂರು ಆಸ್ಪತ್ರೆಗಳಲ್ಲಿ 3,283 ರೋಗಿಗಳ ಮೇಲೆ ನಡೆದು 2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರನೆಯ ದಿನ ತಪ್ಪದೆ ಬದಲಿಸಿದವರಲ್ಲೂ ತೊಂದರೆ ಕಂಡಾಗ ಮಾತ್ರ ಬದಲಿಸಿದವರಲ್ಲೂ ರಕ್ತನಾಳ ಊದಿಕೊಂಡವರ ಪ್ರಮಾಣ ಸುಮಾರು ಶೇ. 7ರಷ್ಟೇ ಇತ್ತು. ಸುಮ್ಮನೆ ಮತ್ತೊಮ್ಮೆ ಚುಚ್ಚುವುದೇಕೆ ಎಂಬ ವಾದಕ್ಕೆ ಇದರಿಂದ ಬಲ ಬಂತು. ಆದರೆ ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ, ನಿಗದಿತ ಬದಲಾವಣೆಯನ್ನು ಕೈಬಿಟ್ಟ ಅವಧಿಯಲ್ಲಿ ರಕ್ತದ ಸೋಂಕು ಹೆಚ್ಚಿತೆಂದು 2021ರಲ್ಲಿ ವರದಿಯಾಯಿತು. ಫಲಿತಾಂಶಗಳು ಒಂದಕ್ಕೊಂದು ಹೊಂದದಿರುವುದು ಕೂಡ ಫಂಕ್ ಅವರ ಪ್ರಶ್ನಾವಳಿಯಲ್ಲಿ ಒಂದು ಅಡ್ಡಿಯಾಗಿ ದಾಖಲಾಗಿದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಸಿಸ್ಟರ್ ಇದನ್ನು ಬಗೆಹರಿಸಲಾರರು.

ನನ್ನ ದೃಷ್ಟಿಯಲ್ಲಿ, "ತೊಂದರೆ ಕಂಡಾಗ ಬದಲಿಸಿ" ಎಂಬ ನಿಯಮ, ಪ್ರತಿ ಪಾಳಿಯಲ್ಲೂ ಯಾರಾದರೂ ಆ ಜಾಗವನ್ನು ನಿಜವಾಗಿಯೂ ನೋಡುವ ಆಸ್ಪತ್ರೆಗೆ ಮಾತ್ರ ಒಪ್ಪುತ್ತದೆ. ನೋಡಲು ಪುರುಸೊತ್ತಿಲ್ಲದ ಕಡೆ ಹಳೆಯ ಗಡುವೇ ಕ್ಷೇಮ. ನಿಮ್ಮ ತಂದೆಯವರ ಕೈಯನ್ನು ದಿನಾ ನೋಡಿ, ಒತ್ತಿ, ನೋವಿದೆಯೇ ಎಂದು ಕೇಳಿ, ದಾಖಲೆಯಲ್ಲಿ ಬರೆಯುತ್ತಿದ್ದರೇ? ಹಾಗಿದ್ದರೆ ಅವರು ಹೇಳಿದ್ದು ಸರಿ. ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಕಂಡರೆ ಎಷ್ಟನೆಯ ದಿನವೇ ಆಗಿರಲಿ, ಕೂಡಲೇ ಸಿಸ್ಟರ್‌ಗೆ ಹೇಳಬೇಕು.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಸಂಶೋಧನಾ ಲೇಖನಗಳಲ್ಲಿರುವ ಸಂಖ್ಯಾಶಾಸ್ತ್ರ ಅರ್ಥವಾಗುವುದಿಲ್ಲ. ಈಗ ನಾನೇ ಎಂ.ಎಸ್ಸಿ. ನರ್ಸಿಂಗ್ ಪ್ರಬಂಧ ಬರೆಯಬೇಕಾಗಿದೆ. ಏನು ಮಾಡಲಿ?
(ಎಂ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು)

ಉತ್ತರ: ಕೋಷ್ಟಕಗಳನ್ನು ಸದ್ಯಕ್ಕೆ ಬಿಡಿ. ರೋಗಿಗಳು ಯಾರು, ಯಾವುದನ್ನು ಯಾವುದರೊಂದಿಗೆ ಹೋಲಿಸಿದರು, ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ ಏನಾಯಿತು ಎಂಬುದನ್ನು ಕನ್ನಡದಲ್ಲಿ ಬರೆದುಕೊಳ್ಳಲು ಸಾಧ್ಯವಾದರೆ ಅರ್ಧ ಓದಿದಂತೆಯೇ. ಒಂದು ವಿಷಯದ ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಗಳ ಸರಳ ಸಾರಾಂಶಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಒಂಟಿ ಅಧ್ಯಯನಗಳ ಬದಲು ಅಲ್ಲಿಂದ ಆರಂಭಿಸಿ.

ಪ್ರಬಂಧದ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಕ್ಷಮಿಸಿ. "ಆಯ್ದ ಕಾಲೇಜಿನ ವಿದ್ಯಾರ್ಥಿಗಳ ಜ್ಞಾನದ ಮೇಲೆ ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮ" ಎಂಬ ಅಚ್ಚಿನಲ್ಲಿ ಎರಕ ಹೊಯ್ದ ಪ್ರಬಂಧಗಳು ನಮ್ಮ ನರ್ಸಿಂಗ್ ಕಾಲೇಜುಗಳ ಗ್ರಂಥಾಲಯಗಳಲ್ಲಿ ಬಂಗಾರದ ಅಕ್ಷರಗಳ ರಟ್ಟು ಹೊದ್ದು ಕುಳಿತಿವೆ. ಪಾಠ ಹೇಳಿದ ಮೇಲೆ ಅಂಕ ಹೆಚ್ಚುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ವಾರ್ಡಿನಲ್ಲಿ ಇರುವವರಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ನೀವು ಪೋಸ್ಟಿಂಗ್‌ಗೆ ಹೋಗುವ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಬಳಿ ಹೋಗಿ, ದಿನಾ ಮಾಡುವ ಯಾವ ಕೆಲಸದ ಬಗ್ಗೆ ನಿಮಗೆ ಅನುಮಾನವಿದೆ ಎಂದು ಕೇಳಿ, ವಿಷಯವನ್ನು ಅಲ್ಲಿಂದಲೇ ಆರಿಸಿಕೊಳ್ಳಿ. ಮುಗಿದ ಮೇಲೆ ಫಲಿತಾಂಶವನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದು ಅವರ ಕೈಗೆ ಕೊಡಿ. ಅವರು ಅದನ್ನು ಡ್ಯೂಟಿ ಪಟ್ಟಿಯ ಪಕ್ಕದಲ್ಲಿ ಅಂಟಿಸಬಹುದು.