ಸ್ಟ್ರಾಬೆರಿ ಗಿಡ ಸೊರಗುತ್ತಿದೆ, ಆದರೆ ವೈರಸ್ ಹುಡುಕುವ ಪಿಸಿಆರ್ ಟೆಸ್ಟ್ ನೆಗೆಟಿವ್. ಕಿಟ್ ಬದಲಿಸಲಾ, ಲ್ಯಾಬ್ ಬದಲಿಸಲಾ?

ಎರಡೂ ಬೇಡ. ಸ್ಟ್ರಾಬೆರಿ ಎಲೆಗೆ ಮಚ್ಚೆ ತರುವ ಮಾಟಲ್ ವೈರಸ್‌ಗೆ ಎಷ್ಟು ಸಲ ಟೆಸ್ಟ್ ಮಾಡಿದರೂ ಏನೂ ಸಿಗುತ್ತಿಲ್ಲ ಅಂದಿರಲ್ಲ, ನನಗೂ ಹೀಗೇ ಆಗಿತ್ತು.

ಕೆನಡಾದ ನೋವಾ ಸ್ಕೋಶಿಯಾದಲ್ಲಿ 2012-13ರ ಹೊತ್ತಿಗೆ ಸ್ಟ್ರಾಬೆರಿ ತೋಟಗಳು ಸೊರಗಿದ್ದವು. ಮಾಟಲ್ ವೈರಸ್, ಮೈಲ್ಡ್ ಯೆಲ್ಲೋ ಎಡ್ಜ್ ವೈರಸ್ ಎರಡೂ ಜೊತೆಗೂಡಿದ್ದವು. ಎರಡನ್ನೂ ಹರಡುವುದು ಗಿಡಹೇನು. ಆಮೇಲೆ ನಾನು ಅಲ್ಲಿನ ಒಂದು ಲ್ಯಾಬ್ ಸೇರಿದೆ. ನರ್ಸರಿಯ ತಾಯಿ ಗಿಡಗಳನ್ನು ಟೆಸ್ಟ್ ಮಾಡುವ ಕೆಲಸ.

ಡೇಟಾಬೇಸಿನಲ್ಲಿ ಸಿಕ್ಕ ಒಂದೇ ಒಂದು ಸೀಕ್ವೆನ್ಸ್, ಅಂದರೆ ವೈರಸ್ಸಿನ ಜೀನಿನ ಅಕ್ಷರಗಳ ಸಾಲು, ನೋಡಿ ಪ್ರೈಮರ್ ಮಾಡಿಸಿಬಿಟ್ಟೆ. ಆ ಸಾಲಿಗೆ ಅಂಟಿಕೊಂಡು ಪಿಸಿಆರ್ ಶುರು ಮಾಡಿಸುವ ಡಿಎನ್‌ಎ ತುಣುಕೇ ಪ್ರೈಮರ್. ಮಾಟಲ್ ಆರ್‌ಎನ್‌ಎ ವೈರಸ್. ನಕಲು ಮಾಡಿಕೊಳ್ಳುವಾಗ ಆದ ತಪ್ಪನ್ನು ಅದು ತಿದ್ದಿಕೊಳ್ಳುವುದಿಲ್ಲ, ಹಾಗಾಗಿ ಅದರಲ್ಲಿ ಬಗೆಗಳು ಜಾಸ್ತಿ. ಸ್ಟ್ರಾಬೆರಿಯನ್ನು ನಾವು ಬೀಜದಿಂದಲ್ಲ, ಬಳ್ಳಿಯಿಂದ ಸಸಿ ಮಾಡ್ತೀವಿ ಅಲ್ವಾ, ತಾಯಿ ಗಿಡದೊಳಗೆ ಇದ್ದದ್ದೆಲ್ಲ ಮರಿಗೂ ಬರುತ್ತದೆ. ಪ್ರೈಮರಿನ 3 ಪ್ರೈಮ್ ತುದಿಯಲ್ಲಿ, ಅಂದರೆ ನಕಲು ಶುರುವಾಗುವ ತುದಿಯಲ್ಲಿ, ಒಂದೆರಡು ಅಕ್ಷರ ಹೊಂದದಿದ್ದರೆ ಸಾಕು, ಪಿಸಿಆರ್ ಶುರುವೇ ಆಗದೆ ಹೋಗಬಹುದು. ಅಣ್ಣನ ಫೋಟೋ ಹಿಡಿದು ತಮ್ಮನನ್ನು ಹುಡುಕಿದ ಹಾಗೆ. ಟೆಸ್ಟ್ ಸರಿಯಿದೆಯಾ ಅಂತ ನೋಡಲು ಇಟ್ಟುಕೊಂಡ ನನ್ನ ಪಾಸಿಟಿವ್ ಕಂಟ್ರೋಲ್ ಕೂಡ ಅದೇ ಸೀಕ್ವೆನ್ಸಿನ ವೈರಸ್ಸೇ ಆಗಿತ್ತು. ಪ್ರತಿ ಸಲವೂ ಫಲಿತಾಂಶ ತೋರಿಸುವ ಜೆಲ್ ಮೇಲೆ ಕಂಟ್ರೋಲಿನ ಬ್ಯಾಂಡ್ (ಗೆರೆ) ಫಳಫಳ, ಪಕ್ಕದಲ್ಲಿ ಗಿಡಗಳ ಸ್ಯಾಂಪಲ್ ಹಾಕಿದ ಲೇನ್‌ಗಳೆಲ್ಲ ಖಾಲಿ. ಸ್ಯಾಂಪಲ್ ಕೆಟ್ಟಿಲ್ಲ ಅಂತ ತೋರಿಸುವ ಗಿಡದ ಜೀನಿನ ಬ್ಯಾಂಡೂ ಸರಿಯಾಗಿ ಬಂದಿತ್ತು, ಇನ್ನೇನು ಬೇಕು? ಗಿಡ ಕ್ಲೀನ್ ಅಂತ ಬರೆದುಕೊಟ್ಟೆ. ಅವುಗಳಿಂದ ಮಾಡಿದ ಸಸಿಗಳನ್ನೆಲ್ಲ ಕೊನೆಗೆ ಕಿತ್ತು ಎಸೆದರು. ನನ್ನ ಕಾಂಟ್ರ್ಯಾಕ್ಟೂ ಅಲ್ಲಿಗೇ ಮುಗಿಯಿತು.

ಅದಕ್ಕೇ ಹೇಳ್ತಿದ್ದೀನಿ, ಸುಮ್ನೆ ದುಬಾರಿ ಕಿಟ್‌ಗೆ ದುಡ್ಡು ಸುರಿಯಬೇಡಿ. ಬೇರೆ ಬೇರೆ ಊರಿನ ಸೀಕ್ವೆನ್ಸ್‌ಗಳನ್ನು ಸಾಲಾಗಿ ಜೋಡಿಸಿ ನೋಡಿ. ವೈರಸ್ಸಿನ ಆರ್‌ಎನ್‌ಎಯಲ್ಲಿ ಪ್ರೋಟೀನ್ ಆಗದ ಕೊನೆಯ ಭಾಗ ಅಷ್ಟಾಗಿ ಬದಲಾಗುವುದಿಲ್ಲ, ಪ್ರೈಮರ್ ಅಲ್ಲಿಗೆ ಮಾಡಿಸಿ. ಜೊತೆಗೆ ಎಲೆ ಕಸಿಯನ್ನೂ ಮಾಡಿ. ಹಳೇ ಕಾಲದ್ದು ಅಂತ ನಗುವವರು ನಗಲಿ. ಕಾಡು ಸ್ಟ್ರಾಬೆರಿ ವೆಸ್ಕಾದ ಯುಸಿ-4 ಅಥವಾ ಯುಸಿ-5 ಗಿಡ ತಗೊಳ್ಳಿ (ವೈರಸ್ ಬಂದರೆ ಎದ್ದು ತೋರಿಸುವ ತಳಿಗಳು), ಒಂದು ಎಲೆಯ ನಡುವಿನ ದಳ ಕತ್ತರಿಸಿ, ತೊಟ್ಟನ್ನು ಸೀಳಿ, ನಿಮ್ಮ ಗಿಡದ ಎಲೆದಳದ ತೊಟ್ಟನ್ನು ಚೂಪು ಮಾಡಿ ಅದರೊಳಗೆ ತುರುಕಿ ಟೇಪ್ ಸುತ್ತಿ. ತೇವ ಆರದಂತೆ ಪ್ಲಾಸ್ಟಿಕ್ ಮುಚ್ಚಿ. ಕೆಲವು ವಾರಗಳಲ್ಲಿ ಹೊಸ ಎಲೆಗಳಲ್ಲಿ ಮಚ್ಚೆ ಬಂದರೆ ವೈರಸ್ ಇದೆ ಅಂತಲೇ. ಸೀಕ್ವೆನ್ಸ್ ಯಾವುದಾದರೂ ಕಸಿಗೆ ಲೆಕ್ಕಕ್ಕಿಲ್ಲ.

ಇನ್ನೊಂದು, ಸ್ಯಾಂಪಲ್ಲನ್ನು ಬಿರುಬೇಸಿಗೆಯಲ್ಲಿ ತೆಗೆದಿದ್ದರೆ ಮೊದಲು ಅದನ್ನೇ ಮತ್ತೆ ಮಾಡಿ. ಸೆಕೆಗೆ ಗಿಡದೊಳಗೆ ವೈರಸ್ ಕಡಿಮೆಯಾಗುತ್ತದೆ. ತಂಪು ಹೊತ್ತಲ್ಲಿ ಎಳೆ ಎಲೆ ತೆಗೆದು ಕಳಿಸಿ.