ಮಸುಕು ಗೆರೆಯೂ ಗೆರೆಯೇ, ಬಣ್ಣ ಇದ್ದರೆ

ಮುಟ್ಟು ಆರು ದಿನ ತಡ, ಸಂಜೆ ಮಾಡಿದ ಗರ್ಭದ ಟೆಸ್ಟಿನಲ್ಲಿ ಎರಡನೇ ಗೆರೆ ಮಸುಕು, ವಾಕರಿಕೆ ಇಲ್ಲ, ಜಗಳೂರಲ್ಲಿ ಯಾರನ್ನ ಕೇಳಲಿ ಅಂದಿದ್ದೀರಿ. ಅಕ್ಕಾ, ಐದು ನಿಮಿಷದೊಳಗೆ ಬಣ್ಣದಲ್ಲಿ ಮೂಡಿದ್ದರೆ ಬಹುಮಟ್ಟಿಗೆ ಗರ್ಭವೇ. ಅರ್ಧ ಗಂಟೆ ಬಿಟ್ಟು ನೋಡಿದಾಗ ಕಾಣುವ ಬೂದು ಗೆರೆ ಲೆಕ್ಕಕ್ಕಿಲ್ಲ, ಅದು ಮೂತ್ರ ಒಣಗಿದ ಗುರುತು. ವಾಕರಿಕೆ ಎಷ್ಟೋ ಜನರಿಗೆ ಆರನೇ ವಾರದ ಹೊತ್ತಿಗೆ ಶುರುವಾಗೋದು. ಸಂಜೆ ಮೂತ್ರ ತೆಳುವಾಗಿರುತ್ತದೆ, ಗೆರೆ ಸೊರಗುತ್ತದೆ. ಎರಡು ದಿನ ಬಿಟ್ಟು, ಬೆಳಗ್ಗೆ ಎದ್ದ ಕೂಡಲೇ ಹಿಡಿದ ಮೂತ್ರದ ಮೂರು ಹನಿ ಹೊಸ ಕಿಟ್ಟಿಗೆ ಹಾಕಿ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ. ಗರ್ಭಿಣಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡಿಗೂ, 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರೆಗೂ ದಾರಿ ಅವರೇ. ಒಂದೇ ಪಕ್ಕ ಕಿಬ್ಬೊಟ್ಟೆ ನೋವು, ರಕ್ತ, ತಲೆಸುತ್ತು ಬಂದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ, ಗರ್ಭ ಗರ್ಭಕೋಶದ ಬದಲು ಅದರ ಪಕ್ಕದ ನಾಳದಲ್ಲಿ ನಿಂತಿರಬಹುದು. 108ಕ್ಕೆ ಫೋನ್ ಮಾಡಿ, ದಾವಣಗೆರೆ ಜಿಲ್ಲಾ ಆಸ್ಪತ್ರೆಗೆ ಹೊರಡಿ.