ಹಾಲುಹಲ್ಲಿನ ಓಟ

ಪತ್ರ: "ಎರಡು ವರ್ಷದ ಕುದುರೆಗಳನ್ನು ಪಂದ್ಯಕ್ಕೆ ಇಳಿಸುವುದು ಕ್ರೌರ್ಯ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಎಳವೆಯಲ್ಲಿ ಓಡಿದರೆ ಮೂಳೆ ಗಟ್ಟಿಯಾಗುತ್ತದೆ ಎಂದು ತಜ್ಞರೇ ಹೇಳುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನನ್ನ ಮಗ ಒಂಬತ್ತನೇ ವಯಸ್ಸಿಗೇ ಯಕ್ಷಗಾನದಲ್ಲಿ ಅಭಿಮನ್ಯುವಿನ ವೇಷ ಮಾಡುತ್ತಾನೆ. ಅಷ್ಟಕ್ಕೂ ರೇಸ್‌ಕೋರ್ಸೇ ಇಲ್ಲದ ಕಾಸರಗೋಡಿನಲ್ಲಿ ಕುದುರೆಯ ಚಿಂತೆ ಏಕೆ?" (ಓದುಗರೊಬ್ಬರು, ಬದಿಯಡ್ಕ)

ಉತ್ತರ: ಓದಿ, ಯೋಚಿಸಿ ಬರೆದಿದ್ದೀರಿ, ಸಂತೋಷ. ಮೂಳೆಯ ಮಾತು ಸುಳ್ಳಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೇವಿಡ್ ನುನಾಮೇಕರ್, ಮರಿಗಳನ್ನು ಸ್ವಲ್ಪವೇ ದೂರ ವೇಗವಾಗಿ ಓಡಿಸಿ ಪಳಗಿಸಿದರೆ ಮುಂಗಾಲಿನ ಮೂಳೆ ಬಲಗೊಳ್ಳುತ್ತದೆ ಎಂದು ತೋರಿಸಿದ್ದಾರೆ. ಒಪ್ಪುತ್ತೇನೆ. ಆದರೆ ಅದು ಪಳಗಿಸುವ ಕ್ರಮ. ಬಹುಮಾನಕ್ಕಾಗಿ ಅವಸರಪಡಿಸಲು ಕೊಟ್ಟ ಪರವಾನಗಿ ಅಲ್ಲ.

ನನ್ನ ತಂದೆ ವಯಸ್ಸು ತಿಳಿಯಲು ಕೋಣದ ಬಾಯಿ ತೆರೆದು ಹಲ್ಲು ನೋಡದೆ ನೊಗಕ್ಕೆ ಕಟ್ಟಿದವರಲ್ಲ. ಒಂದು ಏಣೆಲಿನಲ್ಲಿ, ಅಂದರೆ ಮಳೆಗಾಲದ ಮೊದಲ ಬೆಳೆಯ ಹೊತ್ತಿನಲ್ಲಿ, ನೆರೆಯವರು ಜೋಡಿ ಸಾಲದೆ ಹಾಲುಹಲ್ಲಿನ ಕರುವನ್ನೇ ಹೂಡಿದರು. ಕೆಸರಿನಲ್ಲಿ ಮಂಡಿ ಊರಿದ ಆ ಕರು ಮತ್ತೆ ಸರಿಯಾಗಿ ನಡೆಯಲೇ ಇಲ್ಲ. ಕುದುರೆಗೆ ಮುಂಬಾಯಿಯ ಮೊದಲ ಹಾಲುಹಲ್ಲು ಬೀಳುವುದೇ ಎರಡೂವರೆ ವರ್ಷದ ಸುಮಾರಿಗೆ. ಹಾಲುಹಲ್ಲೆಲ್ಲ ಹೋಗಿ ಬಾಯಿಗೂಡಲು ಐದು ವರ್ಷ ಬೇಕು. ಬೆನ್ನೆಲುಬಿನ ಬೆಳವಣಿಗೆ ಮುಗಿಯುವುದೂ ಅದರ ಆಸುಪಾಸಿನಲ್ಲೇ. ಮೇಲಾಗಿ ಭೂಮಿಯ ಉತ್ತರಾರ್ಧದಲ್ಲಿ ಪಂದ್ಯದ ಕುದುರೆಗಳಿಗೆಲ್ಲ ಜನವರಿ 1 ಹುಟ್ಟುಹಬ್ಬ. ಮೇ ತಿಂಗಳಲ್ಲಿ ಹುಟ್ಟಿದ ಮರಿಗೆ ಇಪ್ಪತ್ತೇ ತಿಂಗಳಿಗೆ ಕಾಗದದ ಮೇಲೆ ಎರಡು ವರ್ಷ ತುಂಬಿರುತ್ತದೆ!

ಇಂಗ್ಲೆಂಡಿನ ಹೆಸರಾಂತ ಪಂದ್ಯದ ಕುದುರೆ ಎಕ್ಲಿಪ್ಸ್ ಹುಟ್ಟಿದ್ದು 1764ರಲ್ಲಿ, ಮೊದಲ ಪಂದ್ಯ ಓಡಿದ್ದು 1769ರಲ್ಲಿ. ಐದು ವರ್ಷ ಕಾಯ್ದ ಆ ಕುದುರೆ ಒಮ್ಮೆಯೂ ಸೋಲಲಿಲ್ಲ. ಇಂದಿನ ಥರೋಬ್ರೆಡ್ ಎಂಬ ಪಂದ್ಯದ ತಳಿಯ ಕುದುರೆಗಳಲ್ಲಿ ಬಹುಪಾಲು ತಂದೆಯ ಕಡೆಯಿಂದ ಅದರದೇ ಸಂತತಿ. ಆ ಸಂತತಿಗೇ ಈಗ ಕಾಯುವ ಭಾಗ್ಯವಿಲ್ಲ. ಹರಾಜಿನಲ್ಲಿ ಸುರಿದ ಹಣ ಬೇಗ ಮರಳಬೇಕು, ಲಾಯದ ಖರ್ಚು ಹುಟ್ಟಬೇಕು. 1975ರಲ್ಲಿ ಅಮೆರಿಕದ ರಫಿಯನ್ ಎಂಬ ಮೂರು ವರ್ಷದ ಹೆಣ್ಣುಕುದುರೆಯ ಮುಂಗಾಲು ಓಟದ ನಡುವೆ ಮುರಿಯಿತು. ಶಸ್ತ್ರಚಿಕಿತ್ಸೆ ಮುಗಿದು ಅರಿವಳಿಕೆ ಇಳಿಯುತ್ತಿದ್ದಾಗ ಅದು ಮಲಗಿದಲ್ಲೇ, ಇನ್ನೂ ಪಂದ್ಯದಲ್ಲಿರುವಂತೆ, ಕಾಲು ಬಡಿಯಿತು. ಕೊನೆಗೆ ಕೊಲ್ಲದೆ ದಾರಿಯಿರಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಗಿಡವನ್ನು ಬಗ್ಗಿಸಿ, ಬೇಡವೆನ್ನುವುದಿಲ್ಲ. ಅದಕ್ಕೆ ಉಯ್ಯಾಲೆ ಕಟ್ಟಬೇಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಸೀಮೆಯಲ್ಲಿ ಹಿಂದೆ ಹುಡುಗರು ಕೋಡಂಗಿಯಾಗಿ ಕುಣಿದು, ಬಾಲಗೋಪಾಲರಾಗಿ ಪಳಗಿ, ಆಮೇಲೆ ಅಭಿಮನ್ಯುವಿನಂಥ ಪುಂಡುವೇಷಕ್ಕೆ ಏರುತ್ತಿದ್ದರು. ಕಥೆ ಶುರುವಾಗುವ ಮೊದಲಿನ ಈ ಪೂರ್ವರಂಗವೆಂದರೆ ಎಳೆಯ ಕಾಲುಗಳ ಪಾಠಶಾಲೆ. ಇಡೀ ರಾತ್ರಿಯ ಬದಲು ಕೆಲವೇ ಗಂಟೆಗಳ ಕಾಲಮಿತಿಯ ಆಟ ಬಂದು ಮೊದಲು ಕತ್ತರಿ ಬಿದ್ದದ್ದು ಅದಕ್ಕೇ. ಈಗ ಒಂಬತ್ತರ ಮಗು ನೇರವಾಗಿ ಚಕ್ರವ್ಯೂಹಕ್ಕೆ ನುಗ್ಗಿ, ಹಾರಿ ಸುತ್ತುವ ದಿಗಿಣ ಹಾಕುತ್ತದೆ, ಮಂಡಿಯಲ್ಲಿ ತಿರುಗುತ್ತದೆ. ಸುತ್ತು ಎಣಿಸಿ ಚಪ್ಪಾಳೆ ತಟ್ಟುವವರು ನಾವೇ, ಮೊಬೈಲ್‌ನಲ್ಲಿ ಚಿತ್ರೀಕರಿಸಿ ಹಂಚುವವರೂ ನಾವೇ. ನಲವತ್ತಕ್ಕೇ ಮಂಡಿ ಹಿಡಿದುಕೊಂಡು ಕೂರುವ ಕಲಾವಿದರನ್ನು ಬಣ್ಣ ಹಚ್ಚುವ ಚೌಕಿಯಲ್ಲಿ ಕಂಡಿದ್ದೇನೆ. ಕಾಸರಗೋಡಿನಲ್ಲಿ ಕುದುರೆಯ ಚಿಂತೆ ಏಕೆ ಎಂದು ಕೇಳಿದಿರಲ್ಲ, ಇದಕ್ಕೇ.

ನಿಮ್ಮ ಮಗನ ಕುಣಿತವನ್ನು ನೋಡಬೇಕೆಂಬ ಆಸೆ ನನಗಿದೆ. ಮುಂದಿನ ಆಟಕ್ಕೆ ಭಾಗವತರಲ್ಲಿ ಹೇಳಿ ಅವನಿಗೊಂದು ಬಾಲಗೋಪಾಲ ಕೊಡಿಸಿ, ದಿನ ತಿಳಿಸಿ. ಆಟವಿದೆಯೆಂದು ಸಾರುವ ಕೇಳಿ ಬಡಿಯುವ ಹೊತ್ತಿಗೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ.